ಹುಡುಕುವುದಕ್ಕೆ ಮೊದಲು ಒಂದು ಪದ ಬೇಕು

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ಟಾಪಿಕ್ ಚೇಂಜ್ ಮಾಡ್ಕೊಳ್ಲಾ?" ಅಂತ ಕೇಳಿದಳು. ಎಂ.ಎ. ಇತಿಹಾಸ, ಕೊನೆಯ ಸೆಮಿಸ್ಟರ್. ಗೌರಿಬಿದನೂರು ತಾಲ್ಲೂಕಿನ ಒಂದು ಸಣ್ಣ ಊರಿನವಳು. ಪ್ರಾಜೆಕ್ಟಿಗೆ ಅವಳು ತಾನಾಗಿಯೇ ಆರಿಸಿಕೊಂಡಿದ್ದ ವಿಷಯ ತಮ್ಮೂರಿನ ಕೆರೆ. ಆರಿಸಿಕೊಂಡ ದಿನ ಅವಳ ಮುಖದಲ್ಲಿದ್ದ ಖುಷಿ ನನಗಿನ್ನೂ ನೆನಪಿದೆ. ಈಗ ಆ ಖುಷಿ ಇರಲಿಲ್ಲ.

"ಯಾಕಮ್ಮಾ, ಏನಾಯ್ತು?"

"ನೆಟ್ಟಲ್ಲಿ ಏನೂ ಇಲ್ಲ ಮೇಡಂ. ಎರಡು ವಾರದಿಂದ ನೋಡ್ತಾ ಇದೀನಿ."

ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ತೋರಿಸು ಅಂದೆ. 'ಕೆರೆ ಇತಿಹಾಸ' ಅಂತ ಹುಡುಕಿದ್ದಳು. ಬೆಳ್ಳಂದೂರು ಕೆರೆಯ ನೊರೆ, ಕೆರೆ ಒತ್ತುವರಿ ತೆರವು, ಯಾರೋ ಶಾಸಕರು ಬಾಗಿನ ಬಿಟ್ಟ ಸುದ್ದಿ. ಇಂಗ್ಲಿಷಿನಲ್ಲಿ 'ಲೇಕ್ಸ್ ಆಫ್ ಕರ್ನಾಟಕ' ಅಂತ ಹಾಕಿದ್ದಳು. ಅಲ್ಲಿ ಬಂದಿದ್ದೆಲ್ಲ ಪ್ರವಾಸಿ ತಾಣಗಳ ಪಟ್ಟಿ. ಎರಡು ವಾರ ಇದನ್ನೇ ಮೇಲಿಂದ ಕೆಳಗೆ ತಳ್ಳುತ್ತಾ ಕೂತಿದ್ದಾಳೆ ಪಾಪ.

ನಾನು ಅವಳಿಗೆ ಒಂದು ವೆಬ್‌ಸೈಟಿನ ಹೆಸರೂ ಹೇಳಲಿಲ್ಲ. "ನಿಮ್ಮೂರಲ್ಲಿ ಕೆರೆಯಿಂದ ಗದ್ದೆಗೆ ನೀರು ಹೆಂಗೆ ಬರುತ್ತೆ?" ಅಂತ ಕೇಳಿದೆ.

"ತೂಬು ಎತ್ತುತಾರೆ ಮೇಡಂ."

"ಯಾರು ಎತ್ತುತಾರೆ?"

"ನೀರಗಂಟಿ. ಈಗ ಯಾರೂ ಇಲ್ಲ. ಮುಂಚೆ ಇದ್ರು."

"ಕೆರೆ ತುಂಬಿದ್ರೆ?"

"ಕೋಡಿ ಹರಿಯುತ್ತೆ. ನಾನು ಸಣ್ಣವಳಿದ್ದಾಗ ಒಂದ್ಸಲ ಹರಿದಿತ್ತು."

ಅವಳು ಹೇಳುತ್ತಾ ಹೋದಳು, ನಾನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋದೆ. ತೂಬು, ಕೋಡಿ, ಏರಿ, ಅಚ್ಚುಕಟ್ಟು, ಕುಂಟೆ, ನೀರಗಂಟಿ. ಕೆಳಗೆ ನಾನು ಮೂರು ಸೇರಿಸಿದೆ: ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ. ಇವು ಶಾಸನಗಳಲ್ಲಿ ಬರುವ ಪದಗಳು. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಜಮೀನು, ಬೆಳೆಯ ಪಾಲು ಇಂಥದ್ದಕ್ಕೆಲ್ಲ ಇದ್ದ ಹೆಸರುಗಳು. ಹಾಳೆಯ ಕೊನೆಗೆ ಇಂಗ್ಲಿಷಿನ ಒಂದೇ ಒಂದು ಪದ ಬರೆದೆ. ಟ್ಯಾಂಕ್.

"ಟ್ಯಾಂಕ್ ಅಂದ್ರೆ ನೀರಿನ ಟ್ಯಾಂಕ್ ಅಲ್ವಾ ಮೇಡಂ?"

ಹೌದು, ಇವತ್ತು ನಮಗೆ ಟ್ಯಾಂಕ್ ಅಂದ್ರೆ ಮನೆ ಮೇಲಿನ ಸಿಂಟೆಕ್ಸು. ಆದರೆ ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ, ಇವತ್ತಿನ ನೀರಾವರಿ ಸಂಶೋಧನೆಯಲ್ಲಿ, ನಮ್ಮ ಕಡೆಯ ಕೆರೆಗೆ ಇಂಗ್ಲಿಷಿನಲ್ಲಿ ಟ್ಯಾಂಕ್ ಅಂತಲೇ ಹೆಸರು. 'ಲೇಕ್' ಅಂತ ಹುಡುಕಿದವರಿಗೆ ಆ ಬಾಗಿಲು ತೆರೆಯೋದೇ ಇಲ್ಲ. ಅಲ್ಲೇ ಕೂತು, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರಿನಲ್ಲಿ 'ಟ್ಯಾಂಕ್ ಇರಿಗೇಷನ್ ಕೋಲಾರ್' ಅಂತ ಹಾಕಿಸಿದೆ. ಪುಟ ತುಂಬಾ ಲೇಖನಗಳು ಬಂದವು. ಅವಳು ಫೋನನ್ನು ಮುಖಕ್ಕೆ ಹತ್ತಿರ ತಂದುಕೊಂಡಳು.

ಇಷ್ಟು ವರ್ಷ ಪಾಠ ಮಾಡಿ ನನಗೆ ಗಟ್ಟಿಯಾಗಿ ಅನ್ನಿಸಿರೋದು ಇದು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಇಂಟರ್ನೆಟ್ ಇಲ್ಲ ಅಂತಲ್ಲ, ಬುದ್ಧಿ ಕಡಿಮೆ ಅಂತಂತೂ ಅಲ್ಲವೇ ಅಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಯಾವ ಪದ ಹಾಕಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಪದ ಅವರ ಹತ್ತಿರವೇ ಇರುತ್ತದೆ, ಮನೆಯಲ್ಲಿ ದಿನಾ ಆಡುತ್ತಿರುತ್ತಾರೆ. ಅದು ಓದಿಗೆ ಬರುವ ಪದ ಅಂತ ಅವರಿಗೆ ಗೊತ್ತಿರೋದಿಲ್ಲ. ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಐವತ್ತು ವೆಬ್‌ಸೈಟುಗಳು ಅನ್ನುವಂಥ ಪಟ್ಟಿಗಳು ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತವೆ. ನಾನೂ ಮೊದಮೊದಲು ಅಂಥದ್ದನ್ನು ಹಂಚುತ್ತಿದ್ದೆ. ಆ ಪಟ್ಟಿ ಹಿಡಿದು ಯಾರೂ ಎಲ್ಲಿಗೂ ಹೋಗಲಿಲ್ಲ.

ಹಾಗಂತ ಜಾಗಗಳ ಹೆಸರು ಬೇಡವೇ ಬೇಡ ಅಂತಲ್ಲ. ಪದ ಕೈಗೆ ಬಂದ ಮೇಲೆ ಎಲ್ಲಿಗೆ ಹೋಗಬೇಕು ಅನ್ನೋದು ಮುಖ್ಯವಾಗುತ್ತದೆ. ನಾನು ಮೊದಲು ಕಳಿಸೋದು ಶೋಧಗಂಗಾಕ್ಕೆ. ಪಿಎಚ್.ಡಿ. ಪ್ರಬಂಧಗಳನ್ನು ಆನ್‌ಲೈನಿನಲ್ಲಿ ಇಡಲೇಬೇಕು ಅಂತ ಯುಜಿಸಿ 2009ರಲ್ಲಿ ನಿಯಮ ಮಾಡಿತು. ಆ ಪ್ರಬಂಧಗಳನ್ನು ಇಡುವ ತಾಣವೇ ಶೋಧಗಂಗಾ, ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ಲಕ್ಷಗಟ್ಟಲೆ ಪ್ರಬಂಧಗಳಿವೆ, ಕನ್ನಡದಲ್ಲಿ ಬರೆದವೂ ತುಂಬಾ ಇವೆ. ಕಾಸು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಬಹುಪಾಲು ಪ್ರಬಂಧಗಳನ್ನು ಅಧ್ಯಾಯಕ್ಕೊಂದು ಫೈಲಿನಂತೆ ಬಿಡಿಸಿ ಇಟ್ಟಿರುತ್ತಾರೆ.

ಮಕ್ಕಳು ಅಲ್ಲಿ ಹೋಗಿ ಮೊದಲ ಅಧ್ಯಾಯ ತೆಗೆದು ಓದಲು ಶುರು ಮಾಡುತ್ತಾರೆ, ಹತ್ತು ಪುಟಕ್ಕೆ ಸುಸ್ತಾಗುತ್ತಾರೆ. ನಾನು ಕೊನೆಯ ಕಡೆಯ ಫೈಲುಗಳಿಂದ ಶುರು ಮಾಡಿ ಅನ್ನುತ್ತೇನೆ. ಅಲ್ಲಿ ಗ್ರಂಥಋಣ ಇರುತ್ತದೆ. ಆ ಸಂಶೋಧಕರು ನಾಲ್ಕೈದು ವರ್ಷ ಅಲೆದು, ಓದಿ ಸೇರಿಸಿದ ಪುಸ್ತಕಗಳ ಪಟ್ಟಿ. ನೀವು ಓದಬೇಕಾದ್ದು ಅಲ್ಲೇ ಇದೆ. ಒಂದೇ ವಿಷಯದ ಮೂರು ಪ್ರಬಂಧ ತೆಗೆದು, ಮೂರರಲ್ಲೂ ಬರುವ ಪುಸ್ತಕ ಯಾವುದು ಅಂತ ನೋಡಿದರೆ ಸಾಕು. ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ ಅಂತ ಗೊತ್ತಾಗಿಬಿಡುತ್ತದೆ.

ಕನ್ನಡ ಪ್ರಬಂಧಗಳಲ್ಲಿ ಒಂದು ತೊಡಕಿದೆ, ಅದನ್ನು ಹೇಳಲೇಬೇಕು. ಆ ಹುಡುಗಿ ಒಂದು ಪ್ರಬಂಧದಿಂದ ಎರಡು ಸಾಲು ಕಾಪಿ ಮಾಡಿ ನನಗೆ ಕಳಿಸಿದಳು. ನನ್ನ ಫೋನಿನಲ್ಲಿ 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಎಳೆದ ಎ, ಬ್ರಿಟಿಷರ ಪೌಂಡು ಹಣದ ಗುರುತು ಎಲ್ಲ ಸಾಲಾಗಿ ಬಂದವು. "ಮೇಡಂ, ಫೈಲ್ ಕೆಟ್ಟೋಗಿದೆ" ಅಂದಳು. ಫೈಲ್ ಕೆಟ್ಟಿರಲಿಲ್ಲ. ಅದನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ನೋಡುವ ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷಿನ ಚಿಹ್ನೆಗಳು. ಹಾಗಾಗಿ ಆ ಪ್ರಬಂಧದಲ್ಲಿ 'ನೀರಗಂಟಿ' ಅನ್ನುವ ಪದ ನೂರು ಸಲ ಬಂದಿದ್ದರೂ ನೀವು ಈಗಿನ ಫೋನು, ಕಂಪ್ಯೂಟರುಗಳು ಬಳಸುವ ಯುನಿಕೋಡಿನಲ್ಲಿ 'ನೀರಗಂಟಿ' ಅಂತ ಹುಡುಕಿದರೆ ಒಂದೂ ಸಿಗೋದಿಲ್ಲ. ಇನ್ನು ಕೆಲವು ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ಅವುಗಳಲ್ಲಂತೂ ಒಳಗೆ ಅಕ್ಷರವೇ ಇಲ್ಲ.

ಎಷ್ಟೊಂದು ಜನರ ಕೆಲಸ ಹೀಗೆ ಕಣ್ಣೆದುರಿಗಿದ್ದೂ ಸಿಗದಂತೆ ಕೂತಿದೆ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ. ಅದಕ್ಕೆ ಸದ್ಯಕ್ಕಿರುವ ದಾರಿ ಅಂದರೆ, ಪ್ರಬಂಧದ ಹೆಸರನ್ನು ಹಲವು ರೀತಿಯಲ್ಲಿ ಹುಡುಕುವುದು. ಕನ್ನಡ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಒಂದು ಸಲ, ಇಂಗ್ಲಿಷಿಗೆ ಅನುವಾದಿಸಿ ಒಂದು ಸಲ. ಜಾನಪದ ಅನ್ನೋದನ್ನು ಒಂದು 'ಎ' ಹಾಕಿಯೂ ನೋಡಬೇಕು, ಎರಡು 'ಎ' ಹಾಕಿಯೂ ನೋಡಬೇಕು. ನುಡಿಯ ಬರಹವನ್ನು ಯುನಿಕೋಡಿಗೆ ಬದಲಿಸುವ ಕನ್ವರ್ಟರುಗಳು ಪುಕ್ಕಟೆ ಸಿಗುತ್ತವೆ. ಸ್ಕ್ಯಾನ್ ಆದ ಪುಟ ಆದರೆ ಅದರ ಚಿತ್ರವನ್ನು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸಿನಲ್ಲಿ ತೆರೆದರೆ ಅಕ್ಷರಗಳು ಬರುತ್ತವೆ. ಒತ್ತಕ್ಷರಗಳಲ್ಲಿ ತಪ್ಪಾಗುತ್ತದೆ, ಮೂಲ ಇಟ್ಟುಕೊಂಡು ತಿದ್ದಿಕೊಳ್ಳಬೇಕು.

ಮತ್ತೆ ಕೆರೆಗೆ ಬರುತ್ತೇನೆ. ಶಾಸನ ನೋಡಬೇಕಲ್ಲ? ಬೆಂಜಮಿನ್ ಲೂಯಿಸ್ ರೈಸ್ ಅವರು ಹಳೆ ಮೈಸೂರು ಸೀಮೆಯೆಲ್ಲ ಸುತ್ತಿ ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ಸೇರಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಪುಸ್ತಕ ಭಂಡಾರದಲ್ಲಿ ಪುಕ್ಕಟೆ ಇದೆ. ಮೊದಲ ಸಂಪುಟ 1886ರದ್ದು. ಅವಳು ಅದನ್ನು ತೆರೆದು ಚಿಕ್ಕಬಳ್ಳಾಪುರ ಜಿಲ್ಲೆಯ ಸಂಪುಟ ಹುಡುಕಿದಳು. ಇರಲಿಲ್ಲ. ಇರೋದಕ್ಕೆ ಸಾಧ್ಯವೂ ಇಲ್ಲ. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಅವಳ ಊರು ಇರೋದು ಹತ್ತನೇ ಸಂಪುಟದಲ್ಲಿ, ಕೋಲಾರ ಜಿಲ್ಲೆ, 1905. ತಾಲ್ಲೂಕಿನ ಹೆಸರು ಗೌರಿಬಿದನೂರು ಅಂತ ಹಾಕಿದರೆ ಅಲ್ಲೂ ಸಿಗೋದಿಲ್ಲ. ರೈಸ್ ಅದನ್ನು 'ಗೋರಿಬಿದ್ನೂರ್' ಅಂತ ಬರೆದಿದ್ದಾರೆ. ಬಂಗಾರಪೇಟೆ ಬೇಕು ಅಂದರೆ 'ಬೌರಿಂಗ್‌ಪೇಟ್' ಅನ್ನಬೇಕು.

ನೋಡಿ, ಮತ್ತೆ ಪದದ ಮಾತೇ ಬಂತು. ಊರಿಗೂ ಕಾಲಕ್ಕೊಂದು ಹೆಸರು. ಅದು ಗೊತ್ತಾದ ಮೇಲೆ ಕೆಲಸ ಸಲೀಸು. ಆ ಸಂಪುಟದಲ್ಲಿ ಶಾಸನಗಳು ಕನ್ನಡ ಲಿಪಿಯಲ್ಲಿವೆ, ರೋಮನ್ ಲಿಪಿಯಲ್ಲಿವೆ, ಇಂಗ್ಲಿಷ್ ಅನುವಾದವೂ ಇದೆ. ತಾಲ್ಲೂಕಿಗೊಂದು ಗುರುತು, ಶಾಸನಕ್ಕೊಂದು ನಂಬರು. ಇಂಗ್ಲಿಷ್ ಅನುವಾದದ ಭಾಗದಲ್ಲಿ ಪದ ಹಾಕಿ ಹುಡುಕಬಹುದು. ಅವಳು ತನ್ನ ಊರಿನ ಹೆಸರನ್ನು ನಾಲ್ಕು ಸ್ಪೆಲ್ಲಿಂಗಿನಲ್ಲಿ ಹಾಕಿ ನೋಡಿದಳು. ನಾಲ್ಕನೆಯದಕ್ಕೆ ಸಿಕ್ಕಿತು. ರಾತ್ರಿ ಹತ್ತೂವರೆಗೆ ನನಗೆ ಸ್ಕ್ರೀನ್‌ಶಾಟ್ ಬಂತು. ಅದರ ಕೆಳಗೆ ಏನೂ ಬರೆದಿರಲಿಲ್ಲ, ಬರೀ ನಮಸ್ಕಾರದ ಎಮೋಜಿ.

ಹಳೆಯ ಕನ್ನಡ ಪುಸ್ತಕ ಬೇಕಾದವರಿಗೂ ಅದೇ ಆರ್ಕೈವ್ ದೊಡ್ಡ ಕಣಜ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಈಗ ಅಲ್ಲಿವೆ. ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ, ಎಷ್ಟೋ ಕಡೆ ತಪ್ಪು ತಪ್ಪಾಗಿ ಹಾಕಿದ್ದಾರೆ. ಇದನ್ನು ನೋಡಿ ಸುಮ್ಮನಿರಲಾಗದ ಕನ್ನಡದ ಸ್ವಯಂಸೇವಕರು 'ಪುಸ್ತಕ ಸಂಚಯ' ಅಂತ ಮಾಡಿ, ಕನ್ನಡದಲ್ಲೇ ಹುಡುಕುವ ಹಾಗೆ ಮಾಡಿದರು. ಅದೇ ಬಳಗದ 'ವಚನ ಸಂಚಯ'ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. 'ಕೆರೆ' ಅಂತ ಒಂದು ಪದ ಕೊಟ್ಟರೆ ಆ ಪದ ಯಾರ ಯಾರ ವಚನದಲ್ಲಿ ಬರುತ್ತದೆ ಅಂತ ಸಾಲಾಗಿ ತೋರಿಸುತ್ತದೆ. ಹಿಂದೆ ಇಂಥದ್ದಕ್ಕೆ ಸಂಪುಟಗಳನ್ನು ರಾಶಿ ಹಾಕಿಕೊಂಡು ತಿಂಗಳುಗಟ್ಟಲೆ ಕೂರಬೇಕಿತ್ತು. ಸಾಹಿತ್ಯದ ಮಕ್ಕಳಿಗೆ ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ನಿಘಂಟಿನ ಬಗ್ಗೆಯೂ ಒಂದು ಮಾತು. ವಿ. ಕೃಷ್ಣ ಅನ್ನುವವರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು. ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳು. 2019ರಲ್ಲಿ ಅದು 'ಅಲರ್' ಅನ್ನುವ ಹೆಸರಿನಲ್ಲಿ ಆನ್‌ಲೈನಿಗೆ ಬಂತು, ಎಲ್ಲರಿಗೂ ಮುಕ್ತವಾಗಿ. ನನ್ನ ಮಕ್ಕಳು ಫೋನಿನಲ್ಲಿ ಅದನ್ನು ತೆರೆದಾಗಲೆಲ್ಲ ಆ ಮನುಷ್ಯನ ನಲವತ್ತು ವರ್ಷ ನನಗೆ ನೆನಪಾಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ಬೇರೆ ಬೇರೆ ವಿಷಯಗಳ ಪಾರಿಭಾಷಿಕ ಕೋಶಗಳು ಸಿಗುತ್ತವೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರದವರಿಗೆ ಜನಗಣತಿಯ ಜಿಲ್ಲಾ ಕೈಪಿಡಿಗಳು ಬಂಗಾರ. ಊರೂರಿನ ಲೆಕ್ಕ ಅದರಲ್ಲಿರುತ್ತದೆ.

ದುಡ್ಡು ಕೊಟ್ಟು ಓದಬೇಕಾದ ಸಂಶೋಧನಾ ಪತ್ರಿಕೆಗಳ ವಿಷಯಕ್ಕೆ ಬಂದರೆ, ಮಕ್ಕಳು 'ಪೇ' ಅಂತ ಕಂಡ ಕೂಡಲೇ ಕಿಟಕಿ ಮುಚ್ಚಿಬಿಡುತ್ತಾರೆ. ಮುಚ್ಚುವ ಮೊದಲು ಕಾಲೇಜಿನ ಲೈಬ್ರೇರಿಯನ್ ಹತ್ತಿರ ಹೋಗಿ ಕೇಳಬೇಕು. ಕಾಲೇಜುಗಳಿಗೆ ಇಂಥ ಪತ್ರಿಕೆ, ಪುಸ್ತಕಗಳನ್ನು ಆನ್‌ಲೈನಿನಲ್ಲಿ ಒದಗಿಸುವ ಎನ್-ಲಿಸ್ಟ್ ಯೋಜನೆಯ ಸದಸ್ಯತ್ವ ಇರುವ ಕಾಲೇಜಾದರೆ ವಿದ್ಯಾರ್ಥಿಗೂ ಲಾಗಿನ್ ಕೊಡುತ್ತಾರೆ, ಮನೆಯಿಂದಲೇ ಓದಬಹುದು. 2025ರಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಂದಿದೆ. ಕೇಂದ್ರ ಸರ್ಕಾರ ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ತೆರೆದಿಟ್ಟಿದೆ. ನಮ್ಮ ಕಾಲೇಜಿಗೆ ಇದು ಬಂದಿದೆಯಾ ಅಂತ ಕೇಳೋದು ವಿದ್ಯಾರ್ಥಿಯ ಹಕ್ಕು. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯುವ ಮಕ್ಕಳೇ ಜಾಸ್ತಿ. ನಾನೇ ಎಷ್ಟೋ ಸಲ ಜೊತೆಗೆ ಕರೆದುಕೊಂಡು ಹೋಗಿದ್ದೇನೆ.

ಸಿಕ್ಕಿದ್ದನ್ನು ಎಲ್ಲಿಂದ ತಂದೆವು ಅಂತ ಬರೆದಿಟ್ಟುಕೊಳ್ಳೋದು ಇದೆಯಲ್ಲ, ಅದರಲ್ಲಿ ನಾನು ಬಹಳ ಕಟ್ಟುನಿಟ್ಟು. ಅದಕ್ಕೆ ಕಾರಣವಿದೆ. ನಾನು ಎಂ.ಫಿಲ್. ಮಾಡುವಾಗ ಉದ್ದನೆಯ ನೋಟ್‌ಬುಕ್ಕುಗಳ ತುಂಬ ಟಿಪ್ಪಣಿ ಮಾಡಿದ್ದೆ. ಒಂದು ಒಳ್ಳೆಯ ಸಾಲು ಇಳಿಸಿಕೊಂಡಿದ್ದೆ, ಪುಟ ಸಂಖ್ಯೆ ಬರೆದಿರಲಿಲ್ಲ. ಪ್ರಬಂಧ ಒಪ್ಪಿಸುವ ವಾರ ಆ ಒಂದು ಪುಟಕ್ಕಾಗಿ ರಾತ್ರಿ ಬಸ್ಸಿನಲ್ಲಿ ಮೈಸೂರಿಗೆ ಹೋದೆ. ಬೆಳಗ್ಗೆ ಲೈಬ್ರರಿ ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ಪುಸ್ತಕವನ್ನು ಬೇರೆ ಯಾರೋ ತೆಗೆದುಕೊಂಡು ಹೋಗಿದ್ದರು. ವಾಪಸು ಬರುವ ದಾರಿಯಲ್ಲಿ ಆ ಸಾಲನ್ನೇ ಹೊಡೆದು ಹಾಕಿದೆ. ನನ್ನ ಪ್ರಬಂಧದಲ್ಲಿ ಅದಿಲ್ಲ ಅನ್ನುವ ಕೊರಗು ಇವತ್ತಿಗೂ ಇದೆ.

ಉಲ್ಲೇಖಗಳನ್ನು ಜೋಡಿಸಿಡಲು ಜೊಟೆರೊ ಅನ್ನುವ ಒಳ್ಳೆಯ ತಂತ್ರಾಂಶವಿದೆ, ಪುಕ್ಕಟೆ. ಲ್ಯಾಪ್‌ಟಾಪ್ ಇದ್ದವರು ಮೊದಲ ದಿನದಿಂದಲೇ ಹಾಕಿಕೊಳ್ಳಿ. ನನ್ನ ಬಹುಪಾಲು ಮಕ್ಕಳ ಹತ್ತಿರ ಇರೋದು ಒಂದು ಫೋನು. ಅವರಿಗೆ ನಾನು ಹೇಳೋದು ಇಷ್ಟು: ವಾಟ್ಸಾಪಿನಲ್ಲಿ ನಿನಗೆ ನೀನೇ ಮೆಸೇಜ್ ಮಾಡಿಕೋ. ಪುಸ್ತಕ ಕೈಗೆ ಬಂದ ಕೂಡಲೇ ಅದರ ಶೀರ್ಷಿಕೆ ಪುಟದ ಒಂದು ಫೋಟೋ, ಬೇಕಾದ ಪುಟದ ಒಂದು ಫೋಟೋ. ಪುಟ ಸಂಖ್ಯೆ ಕಾಣಬೇಕು. ಕೆಳಗೆ ಎರಡು ಸಾಲು, ಇದು ನನಗೆ ಯಾಕೆ ಬೇಕು ಅಂತ. ಆ ಎರಡು ಸಾಲು ಬರೆಯದೆ ಮುಂದಿನ ಪುಸ್ತಕ ಮುಟ್ಟಬಾರದು. ಈ ಎರಡೆರಡು ಸಾಲುಗಳೇ ಮುಂದೆ ಪ್ರಬಂಧವಾಗುತ್ತವೆ.

ಬರೆಯುವ ವಿಷಯದಲ್ಲಿ ನಮ್ಮ ಮಕ್ಕಳಿಗೆ ಈಗ ದೊಡ್ಡ ಭಯ ಅಂದ್ರೆ ಪರ್ಸೆಂಟ್. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ನಿಯಮ ತಂದಿತು. ಬೇರೆಯವರ ಬರಹದ ಜೊತೆ ಹೋಲಿಕೆ ಶೇಕಡ 10ರ ಒಳಗಿದ್ದರೆ ದಂಡವಿಲ್ಲ, ಅದಕ್ಕಿಂತ ಮೇಲೆ ಹೋದ ಹಾಗೆ ಶಿಕ್ಷೆ ಏರುತ್ತದೆ. ನಿಯಮ ಬೇಕಾದ್ದೇ. ಆದರೆ ಮಕ್ಕಳು ಇದರಿಂದ ಕಲಿತದ್ದು ಬೇರೆ. ಯಾರದೋ ಪ್ಯಾರಾ ತೆಗೆದುಕೊಂಡು ಅಲ್ಲೊಂದು ಇಲ್ಲೊಂದು ಪದ ಬದಲಿಸಿ, 'ಕೆರೆ' ಇದ್ದಲ್ಲಿ 'ಜಲಾಶಯ' ಹಾಕಿ ಪರ್ಸೆಂಟ್ ಇಳಿಸೋದು. ಹಾಗೆ ಬರೆದದ್ದು ಓದಿದರೆ ತಕ್ಷಣ ಗೊತ್ತಾಗುತ್ತದೆ. ಅದರಲ್ಲಿ ಯಾರ ದನಿಯೂ ಇರೋದಿಲ್ಲ. ಓದಿದ್ದನ್ನು ಮುಚ್ಚಿಡು, ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳೋ ಹಾಗೆ ಹೇಳು, ಹೇಳಿದ್ದನ್ನೇ ಬರಿ ಅನ್ನುತ್ತೇನೆ. ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳೋಕೆ ಆಗದಿದ್ದರೆ ನಿನಗಿನ್ನೂ ಅದು ಅರ್ಥವಾಗಿಲ್ಲ, ಇನ್ನೊಂದು ಸಲ ಓದು.

ಹೋದ ಬ್ಯಾಚಿನಲ್ಲಿ ಒಬ್ಬ ಹುಡುಗ ತುಂಬಾ ಅಚ್ಚುಕಟ್ಟಾದ ಗ್ರಂಥಋಣ ತಂದ. ಎಲ್ಲವೂ ಸಾಲಾಗಿ, ಪ್ರಕಾಶಕರು, ವರ್ಷ, ಪುಟ ಸಮೇತ. ಒಂದು ಪುಸ್ತಕದ ಹೆಸರು ನೋಡಿ ಖುಷಿಯಾಗಿ, "ಇದು ಎಲ್ಲಿ ಸಿಕ್ತಪ್ಪಾ, ನನಗೂ ಕೊಡು" ಅಂದೆ. ಅವನು ಸುಮ್ಮನೆ ನಿಂತ. ಲೇಖಕರು ನಿಜ, ಪ್ರಕಾಶಕರು ನಿಜ. ಅಂಥ ಪುಸ್ತಕ ಮಾತ್ರ ಅವರು ಬರೆದೇ ಇಲ್ಲ. ಎಐ ಚಾಟ್‌ಬಾಟ್ ಕೊಟ್ಟ ಪಟ್ಟಿ ಅದು. ಅವನಿಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ ಅಂತ ನನಗೆ ಗೊತ್ತಿತ್ತು. ಇಷ್ಟು ಚೆನ್ನಾಗಿ ಬರೆದುಕೊಟ್ಟದ್ದು ಸುಳ್ಳಿರಬಹುದು ಅಂತ ಅವನಿಗೆ ಹೊಳೆದೇ ಇರಲಿಲ್ಲ. ಇಬ್ಬರೂ ಕೂತು ಒಂದೊಂದೇ ಹೆಸರನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿದೆವು, ಲೈಬ್ರರಿ ಕ್ಯಾಟಲಾಗಿನಲ್ಲಿ ನೋಡಿದೆವು. ಸಿಗದವನ್ನು ಅವನೇ ಪೆನ್ನಿನಲ್ಲಿ ಹೊಡೆದು ಹಾಕಿದ. ಕಷ್ಟದ ಇಂಗ್ಲಿಷ್ ಪ್ಯಾರಾವನ್ನು ಬಿಡಿಸಿ ಹೇಳು ಅಂತ ಚಾಟ್‌ಬಾಟನ್ನು ಕೇಳಿ, ನನ್ನದೇನೂ ತಕರಾರಿಲ್ಲ. ಪುಸ್ತಕದ ಹೆಸರು ಕೇಳಬೇಡಿ. ಕೇಳಿದರೂ ಪುಸ್ತಕವನ್ನು ಕಣ್ಣಿಂದ ನೋಡದೆ ಪಟ್ಟಿಗೆ ಸೇರಿಸಬೇಡಿ.

ಕೆರೆಯ ಹುಡುಗಿ ಮೇ ತಿಂಗಳಲ್ಲಿ ಊರಿಗೆ ಹೋದಳು. ರೈಸ್ ಸಂಪುಟದಲ್ಲಿದ್ದ ಆ ಶಾಸನದ ತಲೆಯ ಮೇಲೆ, ಕಲ್ಲು ಕೆರೆಯ ತೂಬಿನ ಹತ್ತಿರ ಇದೆ ಅಂತ ಒಂದು ಸಾಲಿತ್ತು. ಅಲ್ಲಿ ಜಾಲಿ ಬೆಳೆದು ಕಾಲಿಡಲು ಜಾಗವಿರಲಿಲ್ಲವಂತೆ. ಊರಿನ ಹಳೆಯ ನೀರಗಂಟಿಯ ಮಗನನ್ನು ಹುಡುಕಿಕೊಂಡು ಹೋಗಿದ್ದಾಳೆ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಈ ಕೆಲಸ ತಲೆತಲಾಂತರದಿಂದ ದಲಿತ ಕುಟುಂಬಗಳದ್ದು. ಶಾಸನದಲ್ಲಿ ಕೆರೆ ಕಟ್ಟಿಸಿದವರ ಹೆಸರಿರುತ್ತದೆ, ತೂಬು ಎತ್ತಿದವರ ಹೆಸರು ನಾನಂತೂ ಕಂಡಿಲ್ಲ. ಆ ಯಜಮಾನರು ಮಚ್ಚು ಹಿಡಿದು ಮುಂದೆ ಹೋಗಿ, ಮುಳ್ಳು ಕಡಿದು, "ಇದೇ ಇರ್ಬೇಕು ನೋಡಮ್ಮಾ" ಅಂತ ತೋರಿಸಿದರಂತೆ. ಅರ್ಧ ಮಣ್ಣಿನಲ್ಲಿ ಹೂತಿರುವ ಕಲ್ಲು, ಮೇಲಿನ ನಾಲ್ಕು ಸಾಲು ಮಾತ್ರ ಕಾಣುತ್ತದೆ. ಯಾವ ಗದ್ದೆಗೆ ಯಾವ ದಿನ ನೀರು, ಬರ ಬಂದಾಗ ಹೇಗೆ ಹಂಚುತ್ತಿದ್ದರು, ನೀರಗಂಟಿಗೆ ಸುಗ್ಗಿಯಲ್ಲಿ ಎಷ್ಟು ಕಾಳು ಕೊಡುತ್ತಿದ್ದರು ಅಂತ ಅವರು ಒಂದೂವರೆ ಗಂಟೆ ಹೇಳಿದ್ದಾರೆ. ಅವಳು ಎಲ್ಲ ರೆಕಾರ್ಡ್ ಮಾಡಿಕೊಂಡಿದ್ದಾಳೆ.

ಅವತ್ತು ಸಂಜೆ ಕಲ್ಲಿನ ಫೋಟೋ ಕಳಿಸಿ ಕೇಳಿದಳು. "ಮೇಡಂ, ಶಾಸನಕ್ಕೆ ಸಂಪುಟ, ನಂಬರ್ ಹಾಕಿದೀನಿ. ಆ ತಾತ ಹೇಳಿದ್ದಕ್ಕೆ ಉಲ್ಲೇಖ ಹೆಂಗೆ ಬರೀಲಿ? ಪುಟ ಸಂಖ್ಯೆ ಇಲ್ವಲ್ಲ?"

ಅವರ ಒಪ್ಪಿಗೆ ಕೇಳಿದೆಯಾ ಅಂದೆ. ಕೇಳಿದೀನಿ ಮೇಡಂ, ಹೆಸರು ಹಾಕು ಅಂದ್ರು ಅಂದಳು. ಹಾಗಾದರೆ ಪೂರ್ತಿ ಹೆಸರು ಬರಿ, ವಯಸ್ಸು ಬರಿ, ಊರು ಬರಿ, ಮಾತಾಡಿಸಿದ ತಾರೀಕು ಬರಿ, ತೂಬಿನ ಹತ್ತಿರ ಕೂತು ಹೇಳಿದ್ದು ಅಂತಲೂ ಬರಿ ಅಂದೆ. ಪ್ರಿಂಟ್ ಆದ ಪ್ರಬಂಧದ ಗ್ರಂಥಋಣದಲ್ಲಿ ರೈಸ್ ಸಾಹೇಬರ ಸಂಪುಟದ ಕೆಳಗಿನ ಸಾಲಿನಲ್ಲೇ ಆ ಹೆಸರಿದೆ.